ತಿರುಗುವ ಬುಗುರಿ ಬೀಳದೆ ನಿಲ್ಲುವುದೇಕೆ? ಮನೆಯಲ್ಲೇ ಮಾಡಿ ತಿಳಿಯುವ ಕ್ರಮ

ಬುಗುರಿಯನ್ನು ಅದರ ಮೊಳೆಯ ತುದಿಯ ಮೇಲೆ ಸುಮ್ಮನೆ ನಿಲ್ಲಿಸಲು ಎಷ್ಟು ಹೆಣಗಿದರೂ ಆಗುವುದಿಲ್ಲ. ಬೆರಳು ತೆಗೆದ ಕೂಡಲೇ ಅದು ಮಗ್ಗುಲಾಗಿ ಉರುಳುತ್ತದೆ. ಅದಕ್ಕೇ ಚಾಟಿ ಸುತ್ತಿ ಬೀಸಿ ಬಿಟ್ಟರೆ, ಅದೇ ನೆಲದ ಮೇಲೆ ಅದೇ ಮೊಳೆಯನ್ನೂರಿ ಅಲುಗಾಡದೆ ನಿಂತು ಗುಂಯ್‌ಗುಡುತ್ತದೆ. ಬುಗುರಿಯ ತೂಕ ಬದಲಾಗಿಲ್ಲ, ಆಕಾರ ಬದಲಾಗಿಲ್ಲ, ಭೂಮಿಯ ಸೆಳೆತವೂ ಎಳ್ಳಷ್ಟೂ ಕಡಿಮೆಯಾಗಿಲ್ಲ. ಹೊಸದಾಗಿ ಸೇರಿದ್ದು ತಿರುಗುವಿಕೆಯೊಂದೇ. ಹಾಗಾದರೆ ತಿರುಗುವಿಕೆ ಬುಗುರಿಗೆ ಕೊಟ್ಟದ್ದೇನು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಈ ಲೇಖನ ಸಾಗುತ್ತದೆ.

ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ಈ ಪಾಠವನ್ನು ಕಪ್ಪುಹಲಗೆಯ ಮೇಲಿನ ಸೂತ್ರದಿಂದ ಆರಂಭಿಸಿದರೆ ಸೂತ್ರ ಬಾಯಿಪಾಠವಾಗುತ್ತದೆ, ಬುಗುರಿ ಮಾತ್ರ ಒಗಟಾಗಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಮೊದಲು ಕೈಗೆ ಕೆಲಸ, ಆಮೇಲೆ ಕಣ್ಣಿಗೆ, ಕೊನೆಯಲ್ಲಿ ಹೆಸರು. ಆರರಿಂದ ಹತ್ತನೇ ತರಗತಿಯವರೆಗಿನ ಮಕ್ಕಳು ಇವನ್ನು ಮಾಡಬಹುದು. ಕುರ್ಚಿ ಮತ್ತು ಸೈಕಲ್ ಚಕ್ರದ ಪ್ರಯೋಗಗಳಿಗೆ ದೊಡ್ಡವರೊಬ್ಬರು ಪಕ್ಕದಲ್ಲಿರಲೇಬೇಕು. ಬೇಕಾದ ಸಾಮಾನು ಹೆಚ್ಚೇನಿಲ್ಲ: ದಪ್ಪ ರಟ್ಟು, ಗಿಡ್ಡ ಪೆನ್ಸಿಲ್, ಒಂದೇ ಬಗೆಯ ನಾಲ್ಕು ಒಂದು ರೂಪಾಯಿ ನಾಣ್ಯ, ಅಂಟುಪಟ್ಟಿ, ಒಂದು ಹಲಗೆ, ಗೋಲಿ, ಪ್ಲಾಸ್ಟಿಕ್ ಬಾಟಲಿಗಳು, ಸಾಧ್ಯವಾದರೆ ಎರಡು ಮೊಟ್ಟೆ, ತಿರುಗುವ ಕುರ್ಚಿ, ಹಳೆಯ ಸೈಕಲ್ಲಿನ ಒಂದು ಚಕ್ರ. ಜೊತೆಗೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿಡಲು ಒಂದು ನೋಟ್‌ಬುಕ್.

ರಟ್ಟಿನ ಬುಗುರಿ

ರಟ್ಟಿನ ಮೇಲೆ ಕೈವಾರದಿಂದ 6 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ಎಳೆದು ನೀಟಾಗಿ ಕತ್ತರಿಸಿಕೊಳ್ಳಿ. ಕೈವಾರದ ಮುಳ್ಳು ಚುಚ್ಚಿದ ಜಾಗವೇ ಕೇಂದ್ರ. ಅಲ್ಲಿ ಸಣ್ಣ ತೂತು ಮಾಡಿ, ಸುಮಾರು 8 ಸೆಂಟಿಮೀಟರ್ ಉದ್ದದ ಪೆನ್ಸಿಲ್ಲನ್ನು ಬಿಗಿಯಾಗಿ ತೂರಿಸಿ. ಬಿಲ್ಲೆಯ ಕೆಳಗೆ ಪೆನ್ಸಿಲ್ಲಿನ ಮೊನೆ 2 ಸೆಂಟಿಮೀಟರಿನಷ್ಟು ಮಾತ್ರ ಹೊರಗಿರಲಿ. ಬಿಲ್ಲೆ ಜಾರದಂತೆ ಮೇಲೂ ಕೆಳಗೂ ಒಂದೊಂದು ರಬ್ಬರ್ ಬ್ಯಾಂಡ್ ಸುತ್ತಿ. ಮೊನೆ ತೀರಾ ಚೂಪಾಗಿದ್ದರೆ ಮುರಿಯುತ್ತದೆ, ಸ್ವಲ್ಪ ಮೊಂಡಾಗಿರುವುದೇ ಒಳ್ಳೆಯದು.

ಸಮತಟ್ಟಾದ ನೆಲದ ಮೇಲೆ ಬಿಳಿ ಹಾಳೆ ಹಾಸಿ, ಪೆನ್ಸಿಲ್ಲಿನ ತಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಗಿರ್ರನೆ ತಿರುಗಿಸಿ ಬಿಡಿ. ಬುಗುರಿ ಬಿದ್ದ ಮೇಲೆ ಅದನ್ನು ಪಕ್ಕಕ್ಕಿಟ್ಟು ಹಾಳೆಯನ್ನು ನೋಡಿ. ಪೆನ್ಸಿಲ್ ಬಳಸಿದ್ದು ಇದಕ್ಕಾಗಿಯೇ; ಬುಗುರಿ ನಡೆದ ದಾರಿಯನ್ನು ಅದು ತಾನೇ ಬರೆದಿಟ್ಟಿರುತ್ತದೆ. ನಾನು ಜೋಪಾನವಾಗಿಟ್ಟುಕೊಂಡಿರುವ ಒಂದು ಹಾಳೆಯಲ್ಲಿ ಆ ಬರಹ ಹೀಗಿದೆ: ಆರಂಭದಲ್ಲಿ ಒಂದೇ ಕಡೆ ಒತ್ತಿ ಕೊರೆದಂತಹ ಕಪ್ಪು ಚುಕ್ಕೆ, ಅದರಿಂದ ಹೊರಟ ತೆಳುವಾದ ಗೆರೆ, ಆ ಗೆರೆ ಬರಬರುತ್ತಾ ಜಿಲೇಬಿಯ ಸುಳಿಗಳಂತೆ ಸುತ್ತಿಕೊಂಡು, ಸುಳಿ ಸುಳಿಗೂ ಅಗಲವಾಗಿ, ಕೊನೆಗೆ ರಟ್ಟಿನ ಅಂಚು ನೆಲಕ್ಕೆ ತಗುಲಿದಾಗ ಬಾಲದಂತೆ ಎಳೆದುಹೋದ ಗೀಟು. ಆ ಸುಳಿಗಳೇ ನಮ್ಮ ಪ್ರಶ್ನೆಗೆ ಉತ್ತರ. ಅವುಗಳ ಅರ್ಥ ಗೊತ್ತಾಗಲು ಇನ್ನೂ ನಾಲ್ಕು ಕೆಲಸಗಳನ್ನು ಮಾಡಬೇಕಾಗಿದೆ. ಹಾಳೆಯ ಮೇಲೆ ದಿನಾಂಕ ಬರೆದು ಇಟ್ಟುಕೊಳ್ಳಿ.

ಈಗ ಬಿಲ್ಲೆಯನ್ನು ಮೇಲಕ್ಕೆ ಸರಿಸಿ, ಮೊನೆಯಿಂದ 5 ಸೆಂಟಿಮೀಟರ್ ಎತ್ತರಕ್ಕೆ ತನ್ನಿ. ಅಷ್ಟೇ ಜೋರಾಗಿ ತಿರುಗಿಸಿದರೂ ಅದು ಬೇಗ ಓಲಾಡಿ ಬೀಳುತ್ತದೆ. ತೂಕ ಎತ್ತರದಲ್ಲಿದ್ದಷ್ಟೂ ಒಂದಿಷ್ಟು ವಾಲಿದೊಡನೆ ಅದನ್ನು ಕೆಡವಲು ಗುರುತ್ವಕ್ಕೆ ಹೆಚ್ಚಿನ ಹಿಡಿತ ಸಿಗುತ್ತದೆ. ಚನ್ನಪಟ್ಟಣದ ಕಸುಬುದಾರರು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ, ಬೆರಳಲ್ಲಿ ತಿರುಗಿಸುವ ಸಣ್ಣ ಬುಗುರಿಗಳನ್ನು ನೋಡಿದರೆ ಅವು ಕುಳ್ಳಗೆ, ಅಗಲವಾಗಿ, ಹೊಟ್ಟೆಯನ್ನು ನೆಲಕ್ಕೆ ಹತ್ತಿರ ಇಟ್ಟುಕೊಂಡಿರುವುದು ಕಾಣುತ್ತದೆ.

ಬಿಲ್ಲೆಯನ್ನು ಮತ್ತೆ 2 ಸೆಂಟಿಮೀಟರಿಗೆ ಇಳಿಸಿ, ಅಂಚಿನ ಬಳಿ ಒಂದೇ ಒಂದು ನಾಣ್ಯ ಅಂಟಿಸಿ ತಿರುಗಿಸಿ. ಬುಗುರಿ ಗಡಗಡನೆ ನಡುಗುತ್ತದೆ. ಅದರ ಎದುರು ಬದಿಯಲ್ಲಿ, ಕೇಂದ್ರದಿಂದ ಅಷ್ಟೇ ದೂರದಲ್ಲಿ ಇನ್ನೊಂದು ನಾಣ್ಯ ಅಂಟಿಸಿದರೆ ನಡುಕ ನಿಲ್ಲುತ್ತದೆ. ಕಾರಿನ ಟೈರ್ ಬದಲಾಯಿಸುವಾಗ ‘ವೀಲ್ ಬ್ಯಾಲೆನ್ಸಿಂಗ್’ ಎಂದು ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ರಿಮ್ಮಿನ ಅಂಚಿಗೆ ಲೋಹದ ಸಣ್ಣ ತುಂಡು ಸಿಕ್ಕಿಸುವುದನ್ನು ನೀವು ಕಂಡಿರಬಹುದು. ಮಾಡುತ್ತಿರುವುದು ಇದೇ ಕೆಲಸ. ಒಂದು ರೆಕ್ಕೆ ಸೊಟ್ಟಗಾದ ಫ್ಯಾನ್ ಓಲಾಡುವುದಕ್ಕೂ ಬಹುಮಟ್ಟಿಗೆ ಇಂತಹ ಸಮತೋಲದ ದೋಷವೇ ಕಾರಣ.

ತೂಕ ಎಲ್ಲಿದೆ ಎಂಬುದು ಮುಖ್ಯ

ನಾಲ್ಕೂ ನಾಣ್ಯಗಳನ್ನು ಮೊದಲು ಕೇಂದ್ರದಿಂದ 2 ಸೆಂಟಿಮೀಟರ್ ದೂರದಲ್ಲಿ, ನಾಲ್ಕು ದಿಕ್ಕಿಗೆ ಒಂದೊಂದರಂತೆ ಅಂಟಿಸಿ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಐದು ಸಲ ತಿರುಗಿಸಿ ಐದೂ ಸಲದ ಸಮಯ ಬರೆಯಿರಿ. ಆಮೇಲೆ ಅವೇ ನಾಣ್ಯಗಳನ್ನು 4.5 ಸೆಂಟಿಮೀಟರ್ ದೂರಕ್ಕೆ ಸರಿಸಿ ಮತ್ತೆ ಐದು ಸಲ ತಿರುಗಿಸಿ. ಒಂದೇ ಸಲ ಮಾಡಿ ತೀರ್ಮಾನಕ್ಕೆ ಬರಬೇಡಿ. ಬೆರಳು ಪ್ರತಿ ಸಲವೂ ಒಂದೇ ಬಲದಿಂದ ತಿರುಗಿಸುವುದಿಲ್ಲ, ಸರಾಸರಿ ತೆಗೆಯುವುದು ಅದಕ್ಕಾಗಿ.

ಬುಗುರಿಯ ಒಟ್ಟು ತೂಕ ಎರಡೂ ಸಲ ಒಂದೇ. ಆದರೂ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ನಾಣ್ಯಗಳು ಅಂಚಿನಲ್ಲಿದ್ದಾಗ ಬುಗುರಿ ತಿರುಗಲು ಹಟ ಮಾಡುತ್ತದೆ, ಒಮ್ಮೆ ವೇಗ ಹಿಡಿದ ಮೇಲೆ ನಿಲ್ಲಲೂ ಹಟ ಮಾಡುತ್ತದೆ. ನೇರ ಚಲನೆಯಲ್ಲಿ ಈ ಹಟಕ್ಕೆ ಜಡತ್ವ ಎನ್ನುತ್ತೇವೆ, ಅದು ವಸ್ತುವಿನ ರಾಶಿಯೊಂದನ್ನೇ ಅವಲಂಬಿಸಿದೆ. ತಿರುಗುವ ಚಲನೆಯಲ್ಲಾದರೋ ರಾಶಿ ಎಷ್ಟು ಎಂಬುದರ ಜೊತೆಗೆ ಅದು ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಅದೂ ದೂರದ ವರ್ಗದ ಪ್ರಮಾಣದಲ್ಲಿ. 2ರಿಂದ 4.5 ಸೆಂಟಿಮೀಟರಿಗೆ ಹೋದಾಗ ದೂರ ಎರಡೂಕಾಲು ಪಟ್ಟಾಯಿತು. ನಾಣ್ಯಗಳ ಹಟ ಸುಮಾರು ಐದು ಪಟ್ಟಾಯಿತು. ಇದಕ್ಕೆ ಜಡತ್ವ ಭ್ರಾಮಕ ಎಂದು ಹೆಸರು. ಕುಂಬಾರರ ಸಾಂಪ್ರದಾಯಿಕ ತಿಗರಿಯ ಅಂಚು ಭಾರವಾಗಿರುವುದು ಇದೇ ಕಾರಣಕ್ಕೆ. ಕೋಲಿನಿಂದ ಒಮ್ಮೆ ಚೆನ್ನಾಗಿ ತಿರುಗಿಸಿಬಿಟ್ಟರೆ, ಎರಡೂ ಕೈ ಮಣ್ಣಿನ ಮೇಲಿಟ್ಟು ಮಡಕೆಗೆ ಆಕಾರ ಕೊಡುವಷ್ಟು ಹೊತ್ತು ಅದು ತಿರುಗುತ್ತಿರುತ್ತದೆ.

ಇದನ್ನೇ ಓಟದ ಪಂದ್ಯವಾಗಿಯೂ ನೋಡಬಹುದು. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯ ಕೆಳಗೆ ಪುಸ್ತಕಗಳನ್ನಿಟ್ಟು 10 ಸೆಂಟಿಮೀಟರ್ ಎತ್ತರಿಸಿ. ಮೇಲಿನ ತುದಿಯಲ್ಲಿ ಗೋಲಿ, ಟಾರ್ಚಿನ ಸೆಲ್ ಮತ್ತು ನಲ್ಲಿ ಕೆಲಸದ ಪಿವಿಸಿ ಪೈಪಿನ ತುಂಡು ಇವನ್ನು ಸಾಲಾಗಿಟ್ಟು, ಅಡ್ಡ ಹಿಡಿದ ಸ್ಕೇಲನ್ನು ಸರಕ್ಕನೆ ಎತ್ತಿ. ಗೋಲಿ ಮೊದಲು, ಸೆಲ್ ಅದರ ಬೆನ್ನಿಗೆ, ಪೈಪ್ ಕೊನೆಗೆ. ಗೋಲಿ ಗುರಿ ಮುಟ್ಟುವಾಗ ಪೈಪು ಸುಮಾರು 25ರಿಂದ 30 ಸೆಂಟಿಮೀಟರ್ ಹಿಂದಿರುತ್ತದೆ. ದೊಡ್ಡ ಗೋಲಿ ಹಾಕಿ, ಭಾರವಾದ ಪೈಪ್ ಹಾಕಿ, ಫಲಿತಾಂಶ ಬದಲಾಗುವುದಿಲ್ಲ. ಪೈಪಿನ ರಾಶಿಯೆಲ್ಲ ಅಂಚಿನಲ್ಲೇ ಇರುವುದರಿಂದ ಇಳಿಜಾರು ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲು ಅದನ್ನು ತಿರುಗಿಸುವುದಕ್ಕೇ ಖರ್ಚಾಗಿ, ಮುಂದಕ್ಕೆ ಓಡಲು ಕಡಿಮೆ ಉಳಿಯುತ್ತದೆ.

ಒಳಗಿನ ದ್ರವ ಜೊತೆಗೆ ತಿರುಗುವುದೇ?

ಒಂದು ಹಸಿ ಮೊಟ್ಟೆ, ಒಂದು ಬೇಯಿಸಿ ಆರಿಸಿದ ಮೊಟ್ಟೆ ತೆಗೆದುಕೊಂಡು ತಟ್ಟೆಯ ಮೇಲೆ ಮಲಗಿಸಿ ತಿರುಗಿಸಿ. ಬೆಂದದ್ದು ಸಲೀಸಾಗಿ ತಿರುಗುತ್ತದೆ, ಹಸಿಯದು ಮಂಕಾಗಿ ಎರಡು ಸುತ್ತು ಹಾಕುತ್ತದೆ. ಎರಡನೆಯ ಪರೀಕ್ಷೆ ಇನ್ನೂ ಸೊಗಸು: ತಿರುಗುತ್ತಿರುವ ಹಸಿ ಮೊಟ್ಟೆಯ ಮೇಲೆ ಬೆರಳನ್ನು ಕ್ಷಣಮಾತ್ರ ಒತ್ತಿ, ಅದು ನಿಂತ ಕೂಡಲೇ ಬೆರಳು ತೆಗೆಯಿರಿ. ನಿಂತ ಮೊಟ್ಟೆ ತಾನಾಗಿಯೇ ಮತ್ತೆ ತಿರುಗಲಾರಂಭಿಸುತ್ತದೆ. ನೀವು ನಿಲ್ಲಿಸಿದ್ದು ಚಿಪ್ಪನ್ನು ಮಾತ್ರ. ಒಳಗಿನ ಲೋಳೆ ಇನ್ನೂ ತಿರುಗುತ್ತಲೇ ಇತ್ತು, ಅದು ಚಿಪ್ಪನ್ನು ಎಳೆದುಕೊಂಡು ಹೋಯಿತು.

ಮನೆಗೆ ಮೊಟ್ಟೆ ತರದವರು ಹಲಗೆಯ ಪಂದ್ಯಕ್ಕೇ ಮರಳಬಹುದು. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಒಂದಕ್ಕೆ ಕಂಠಮಟ್ಟ ನೀರು, ಇನ್ನೊಂದಕ್ಕೆ ಒತ್ತಿ ತುಂಬಿದ ಮರಳು. ನೀರಿನ ಬಾಟಲಿ ಗೆಲ್ಲುತ್ತದೆ, ಏಕೆಂದರೆ ಬಾಟಲಿಯ ಗೋಡೆ ತಿರುಗಿದರೂ ಒಳಗಿನ ನೀರು ಬಹುಮಟ್ಟಿಗೆ ತಿರುಗದೆ ಹಾಗೆಯೇ ಜಾರಿಕೊಂಡು ಬರುತ್ತದೆ. ಮರಳನ್ನಾದರೋ ಪೂರ್ತಿಯಾಗಿ ತಿರುಗಿಸಲೇಬೇಕು.

ಈ ಹಸಿ ಮೊಟ್ಟೆಯ ತಮ್ಮನೊಬ್ಬ ನಮ್ಮ ತಲೆಯಲ್ಲೇ ಇದ್ದಾನೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ನಾವು ಗಿರಗಿರನೆ ಸುತ್ತಿ ಥಟ್ಟನೆ ನಿಂತಾಗ ನಾಳ ನಿಂತರೂ ಒಳಗಿನ ದ್ರವ ನಿಲ್ಲುವುದಿಲ್ಲ. ಅದು ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸಿ, ‘ಇನ್ನೂ ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಕಣ್ಣು ಇಲ್ಲ ಎನ್ನುತ್ತದೆ, ಕಿವಿ ಹೌದು ಎನ್ನುತ್ತದೆ, ನಮಗೆ ತಲೆ ಸುತ್ತುತ್ತದೆ. ಮುಂದಿನ ಪ್ರಯೋಗಕ್ಕೆ ಕೂರುವ ಮೊದಲು ಇದನ್ನು ಮಕ್ಕಳಿಗೆ ಹೇಳಿರುವುದು ಒಳ್ಳೆಯದು.

ಕುರ್ಚಿಯ ಮೇಲೆ ಕೂತು

ತಿರುಗುವ ಕುರ್ಚಿಯನ್ನು ಸುತ್ತಮುತ್ತ ಎರಡು ಮೀಟರ್ ಜಾಗವಿರುವ ಕಡೆ ಇಡಿ. ಕೆಳಗೆ ಗಾಲಿಗಳಿದ್ದರೆ ಅವು ಉರುಳದಂತೆ ಗೋಣಿಚೀಲದ ಮೇಲಿಡಿ. ಕೂತವರು ಎರಡೂ ಕೈಯಲ್ಲಿ ನೀರು ತುಂಬಿದ ಒಂದೊಂದು ಲೀಟರಿನ ಬಾಟಲಿ ಹಿಡಿದು ಕೈಗಳನ್ನು ಅಗಲಕ್ಕೆ ಚಾಚಲಿ, ಕಾಲುಗಳನ್ನು ನೆಲದಿಂದ ಎತ್ತಿ ಮಡಚಿಕೊಳ್ಳಲಿ. ಇನ್ನೊಬ್ಬರು ನಿಧಾನವಾಗಿ, ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ ಬಿಟ್ಟು ದೂರ ಸರಿಯಲಿ. ಈಗ ಕೂತವರು ಬಾಟಲಿಗಳನ್ನು ಎದೆಗೆ ಎಳೆದುಕೊಳ್ಳಲಿ.

ಯಾರೂ ತಳ್ಳದೆ ಕುರ್ಚಿ ಜೋರಾಗುತ್ತದೆ. ಕೈ ಚಾಚಿದರೆ ಮತ್ತೆ ನಿಧಾನವಾಗುತ್ತದೆ. ಮೊದಲ ಸಲ ಈ ಅನುಭವ ಪಡೆದ ಮಗುವಿನ ಮುಖ ನೋಡಬೇಕು. ಯಾರೋ ಹಿಂದಿನಿಂದ ತಳ್ಳಿದರು ಎಂದು ತಿರುಗಿ ನೋಡದವರನ್ನು ನಾನು ಕಂಡೇ ಇಲ್ಲ. ಎರಡು ಸುತ್ತಿಗಿಂತ ಹೆಚ್ಚು ಹೊತ್ತು ಬೇಡ. ಇಳಿಯುವ ಮುನ್ನ ಕುರ್ಚಿ ಪೂರ್ತಿ ನಿಂತು, ತಲೆ ತಿಳಿಯಾಗುವವರೆಗೆ ಕಾಯಿರಿ.

ಇದರ ಹಿಂದಿರುವ ನಿಯಮವನ್ನು ನಿಧಾನವಾಗಿ ಓದಿಕೊಳ್ಳಿ. ವಸ್ತುವಿನ ಜಡತ್ವ ಭ್ರಾಮಕವನ್ನು ಅದು ತಿರುಗುವ ವೇಗದಿಂದ ಗುಣಿಸಿದರೆ ಬರುವುದು ಕೋನೀಯ ಸಂವೇಗ. ಹೊರಗಿನಿಂದ ಯಾರೂ ತಿರುಚದಿದ್ದರೆ ಈ ಗುಣಲಬ್ಧ ಬದಲಾಗುವುದಿಲ್ಲ. ಕೈ ಒಳಗೆಳೆದಾಗ ಜಡತ್ವ ಭ್ರಾಮಕ ಅರ್ಧಕ್ಕೆ ಇಳಿದರೆ, ಗುಣಲಬ್ಧ ಉಳಿಯಬೇಕಾದರೆ ವೇಗ ಇಮ್ಮಡಿಯಾಗಬೇಕು. ಎರಡು ಸೆಕೆಂಡಿಗೊಂದು ಸುತ್ತು ಹೋಗಿ ಸೆಕೆಂಡಿಗೊಂದು ಸುತ್ತಾಗುತ್ತದೆ. ಹಿಮದ ಮೇಲೆ ಸ್ಕೇಟಿಂಗ್ ಮಾಡುವವರು ಕೈಗಳನ್ನು ಎದೆಗವಚಿ ಬಾಣದಂತೆ ಸುತ್ತುವುದೂ, ಎತ್ತರದಿಂದ ಕೊಳಕ್ಕೆ ಜಿಗಿಯುವವರು ಮೈ ಮುದುಡಿ ಲಾಗ ಹಾಕಿ ಕೊನೆಗೆ ಮೈ ಚಾಚುವುದೂ ಇದೇ ನಿಯಮದಿಂದ. ಚುರುಕಾದ ಮಕ್ಕಳು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು: ವೇಗ ಹೆಚ್ಚಿತಲ್ಲ, ಆ ಶಕ್ತಿ ಎಲ್ಲಿಂದ ಬಂತು? ಬಾಟಲಿ ಒಳಗೆಳೆಯುವಾಗ ತೋಳಿಗೆ ಆದ ಎಳೆತವನ್ನು ನೆನಪಿಸಿಕೊಳ್ಳಿ. ಹೊರಕ್ಕೆ ಹೋಗಬಯಸುವಂತೆ ಜಗ್ಗುವ ಬಾಟಲಿಯನ್ನು ಒಳಗೆ ತರಲು ತೋಳು ಕೆಲಸ ಮಾಡಬೇಕಾಯಿತು. ಆ ಕೆಲಸವೇ ಶಕ್ತಿಯಾಗಿ ಸೇರಿತು.

ಸೈಕಲ್ ಚಕ್ರ: ತಳ್ಳಿದರೊಂದು ಕಡೆ, ಹೊರಳಿದ್ದು ಇನ್ನೊಂದು ಕಡೆ

ಈ ಪ್ರಯೋಗಕ್ಕೆ ಹೆಚ್ಚು ಸಮಯ ಕೊಡಿ. ಬುಗುರಿಯ ಗುಟ್ಟು ಇಲ್ಲಿದೆ.

ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೆಯ ಮುಂಚಕ್ರವೊಂದನ್ನು ಕೇಳಿ ತನ್ನಿ. ಮಕ್ಕಳ ಸೈಕಲ್ಲಿನ ಚಕ್ರವಾದರೆ ಎತ್ತಲು ಹಗುರ. ಅದರ ಅಚ್ಚಿನ ಎರಡೂ ತುದಿಗೆ ಹಿಡಿಯಲು ಬರುವಂತೆ ಪೈಪಿನ ತುಂಡು ತೊಡಿಸಿ ನಟ್ಟು ಬಿಗಿಸಿಕೊಡಲು ಅಂಗಡಿಯವರಿಗೇ ಹೇಳಿ. ತಲೆಗೂದಲು, ದುಪಟ್ಟಾ, ಸಡಿಲ ತೋಳು ಎಲ್ಲವನ್ನೂ ಕಟ್ಟಿಕೊಂಡ ಮೇಲೆಯೇ ಚಕ್ರ ತಿರುಗಿಸಿ. ಕಡ್ಡಿಗಳ ನಡುವೆ ಬೆರಳು ಹೋಗದಂತೆ ಎರಡು ಕಡೆಗೂ ರಟ್ಟು ಕಟ್ಟಿದರೆ ಇನ್ನೂ ಕ್ಷೇಮ.

ಮೊದಲು ಚಕ್ರ ನಿಂತಿರುವಾಗ ಎರಡೂ ಹಿಡಿಗಳನ್ನು ಹಿಡಿದು ಅತ್ತಿತ್ತ ವಾಲಿಸಿ. ಅದು ಹೇಳಿದಂತೆ ಕೇಳುತ್ತದೆ. ಈಗ ಇನ್ನೊಬ್ಬರಿಂದ ಜೋರಾಗಿ ತಿರುಗಿಸಿ, ಮತ್ತೆ ವಾಲಿಸಲು ನೋಡಿ. ಕೈಯಲ್ಲೊಂದು ಜೀವವಿದೆಯೇನೋ ಎಂಬಂತೆ ಚಕ್ರ ಮಣಿಯದೆ ಸೆಣಸುತ್ತದೆ, ಜೊತೆಗೆ ನೀವು ಒತ್ತಿದ ಕಡೆ ಹೋಗದೆ ಅಡ್ಡಕ್ಕೆ ಹೊರಳಲು ಯತ್ನಿಸುತ್ತದೆ. ಎಡಗೈಯನ್ನು ಎತ್ತಿದರೆ ಚಕ್ರ ಮುಂದಕ್ಕೋ ಹಿಂದಕ್ಕೋ ತಿರುಗಲು ಹವಣಿಸುತ್ತದೆ. ಹತ್ತು ಸಲ ಮಾಡಿ. ಈ ಅನುಭವ ಕೈಗೆ ಹತ್ತುವವರೆಗೆ ಮುಂದಿನ ವಿವರಣೆ ಬರಿಯ ಮಾತಾಗಿಯೇ ಉಳಿಯುತ್ತದೆ.

ಆಮೇಲೆ ಗಟ್ಟಿ ಹಗ್ಗವನ್ನು ಮೇಲಿನ ಕೊಕ್ಕೆಗೋ ಮರದ ಕೊಂಬೆಗೋ ಕಟ್ಟಿ, ಅದರ ಕೆಳತುದಿಯನ್ನು ಅಚ್ಚಿನ ಒಂದು ಹಿಡಿಗೆ ಮಾತ್ರ ಬಿಗಿಯಿರಿ. ತಿರುಗದ ಚಕ್ರವನ್ನು ನೆಟ್ಟಗೆ ಹಿಡಿದು ಬಿಟ್ಟರೆ ಅದು ಧಡಕ್ಕನೆ ಕೆಳಕ್ಕೆ ವಾಲಿ ಹಗ್ಗಕ್ಕೆ ಜೋತುಬೀಳುತ್ತದೆ. ಅದನ್ನೇ ಜೋರಾಗಿ ತಿರುಗಿಸಿ, ಅಚ್ಚು ನೆಲಕ್ಕೆ ಸಮಾನಾಂತರವಾಗಿರುವಂತೆ ಹಿಡಿದು, ಇನ್ನೊಂದು ತುದಿಯಿಂದ ಮೆಲ್ಲನೆ ಕೈ ಬಿಡಿ. ಒಂದೇ ಕಡೆ ಆಸರೆಯಿದ್ದರೂ ಚಕ್ರ ಬೀಳುವುದಿಲ್ಲ. ಗಾಳಿಯಲ್ಲಿ ನಿಂತಂತೆ ನಿಂತು, ಹಗ್ಗದ ಸುತ್ತ ಗಂಭೀರವಾಗಿ ಪ್ರದಕ್ಷಿಣೆ ಹಾಕತೊಡಗುತ್ತದೆ. ಚಕ್ರದ ತಿರುಗುವ ದಿಕ್ಕನ್ನು ಬದಲಿಸಿದರೆ ಪ್ರದಕ್ಷಿಣೆಯ ದಿಕ್ಕೂ ಬದಲಾಗುತ್ತದೆ.

ಏಕೆ ಹೀಗೆ? ಚಕ್ರದ ಅಂಚಿನ ಒಂದೇ ಒಂದು ಚೂರನ್ನು, ಟೈರಿನ ಗಾಳಿ ತುಂಬುವ ವಾಲ್ವನ್ನು ಎನ್ನಿ, ಮನಸ್ಸಿನಲ್ಲಿ ಹಿಂಬಾಲಿಸಿ. ಹಗ್ಗ ಎಡಗಡೆಯಿದೆ, ಚಕ್ರದ ಮೇಲ್ಭಾಗ ನಿಮ್ಮತ್ತ ಬರುವಂತೆ ತಿರುಗುತ್ತಿದೆ ಎಂದುಕೊಳ್ಳಿ. ಬಲತುದಿ ಕೆಳಗಿಳಿಯುವಂತೆ ಗುರುತ್ವ ಎಳೆಯುತ್ತದೆ. ಹಾಗೆ ವಾಲುವಾಗ ಚಕ್ರದ ಮೇಲ್ಭಾಗದ ಮೇಲೆ ಬಲಕ್ಕೆ ತಳ್ಳಿದ ಪರಿಣಾಮವಾಗುತ್ತದೆ. ವಾಲ್ವು ಮೇಲೆ ಬಂದಾಗ ಅದಕ್ಕೂ ಬಲಕ್ಕೊಂದು ತಳ್ಳು ಸಿಗುತ್ತದೆ. ಆದರೆ ಅದು ಅಲ್ಲಿ ನಿಂತಿಲ್ಲ, ನಿಮ್ಮತ್ತ ಧಾವಿಸುತ್ತಿದೆ. ತಳ್ಳಿನಿಂದ ಬಂದ ಬಲಮುಖದ ಚಲನೆಯನ್ನು ಹೊತ್ತುಕೊಂಡೇ ಅದು ಮುಂದೆ ಸಾಗುತ್ತದೆ, ಕಾಲು ಸುತ್ತು ದಾಟಿ ನಿಮಗೆ ಹತ್ತಿರದ ಬದಿಗೆ ಬರುವಷ್ಟರಲ್ಲಿ ಬಲಕ್ಕೆ ಸರಿದಿರುತ್ತದೆ. ಅಂಚಿನ ಪ್ರತಿ ಚೂರಿನ ಕಥೆಯೂ ಇದೇ. ಹೀಗಾಗಿ ಮೇಲ್ಭಾಗ ಬಲಕ್ಕೆ ವಾಲುವ ಬದಲು ನಿಮ್ಮ ಕಡೆಯ ಅಂಚು ಬಲಕ್ಕೆ ಸರಿಯುತ್ತದೆ, ಎಂದರೆ ಅಚ್ಚಿನ ಬಲತುದಿ ನಿಮ್ಮಿಂದ ದೂರಕ್ಕೆ ಹೊರಳುತ್ತದೆ. ಕೆಡವುವ ಬಲ ಇದ್ದೇ ಇದೆ. ಅದರ ಫಲ ಮಾತ್ರ ಕಾಲು ಸುತ್ತು ತಡವಾಗಿ, ಪಕ್ಕದ ದಿಕ್ಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಕ್ಷದ ಈ ಅಡ್ಡ ಹೊರಳಾಟಕ್ಕೆ ಪುರಸ್ಸರಣ ಎಂದು ಹೆಸರು.

ಈಗ ನಿಮ್ಮ ಪೆನ್ಸಿಲ್ ಹಾಳೆಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಬುಗುರಿ ವಾಲಿದಾಗ ಗುರುತ್ವ ಅದನ್ನು ಕೆಡವಲು ಹೊರಟಿತು, ಬುಗುರಿ ಬೀಳುವ ಬದಲು ಪಕ್ಕಕ್ಕೆ ಹೊರಳಿತು. ಹೊರಳಿದ ಜಾಗದಲ್ಲಿ ಮತ್ತೆ ಕೆಡವಲು ನೋಡಿತು, ಮತ್ತೆ ಪಕ್ಕಕ್ಕೆ ಹೊರಳಿತು. ಹೀಗೆ ಬೀಳುವುದೆಲ್ಲ ಸುತ್ತುವುದಾಗಿ ಪರಿವರ್ತನೆಗೊಂಡ ಗುರುತೇ ಆ ಜಿಲೇಬಿ ಸುಳಿಗಳು. ತಿರುಗುವ ವೇಗ ಹೆಚ್ಚಿದ್ದಾಗ ಈ ಹೊರಳಾಟ ನಿಧಾನ, ವೇಗ ಕುಂದಿದಂತೆ ಹೊರಳಾಟ ಚುರುಕು. ಮೊನೆಯ ಘರ್ಷಣೆ ಮತ್ತು ಗಾಳಿ ಎರಡೂ ಸೇರಿ ಬುಗುರಿಯ ವೇಗವನ್ನು ತಿಂದುಹಾಕುತ್ತವೆ. ಕೊನೆಕೊನೆಗೆ ಹೊರಳಾಟ ಹಿಡಿತಕ್ಕೆ ಸಿಗದಷ್ಟು ಅಗಲವಾಗಿ, ಅಂಚು ನೆಲ ಮುಟ್ಟುತ್ತದೆ. ಇನ್ನೊಮ್ಮೆ ತಿರುಗಿಸಿ ನೋಡಿ: ಬುಗುರಿ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಹೊರಳಾಟವೂ ಅದೇ ದಿಕ್ಕಿನಲ್ಲಿರುತ್ತದೆ.

ಹೊರಗಿನಿಂದ ಯಾರೂ ತಿರುಚದಿದ್ದರೆ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಬಿಟ್ಟುಕೊಡುವುದೇ ಇಲ್ಲ. ಡಬ್ಬಿಯ ಮುಚ್ಚಳವೊಂದನ್ನು ತಿರುಗಿಸದೆ ಎಸೆಯಿರಿ, ಅದು ಪಲ್ಟಿ ಹೊಡೆದು ಹತ್ತಿರದಲ್ಲೇ ಬೀಳುತ್ತದೆ. ಮಣಿಕಟ್ಟು ತಿರುಗಿಸಿ ಎಸೆದರೆ ಚಪ್ಪಟೆಯಾಗಿಯೇ ತೇಲಿ ಹೋಗುತ್ತದೆ. ಫ್ರಾನ್ಸಿನ ಲಿಯೋನ್ ಫೂಕೋ 1852ರಲ್ಲಿ ಇಂತಹ ತಿರುಗುವ ಚಕ್ರವನ್ನು ಎಲ್ಲ ಕಡೆಗೂ ಸಲೀಸಾಗಿ ಹೊರಳಬಲ್ಲ ಚೌಕಟ್ಟಿನಲ್ಲಿ ಕೂರಿಸಿ, ಭೂಮಿ ತಿರುಗುತ್ತಿರುವುದನ್ನು ಅದರಿಂದ ತೋರಿಸಿ, ಅದಕ್ಕೆ ಗೈರೋಸ್ಕೋಪ್ ಎಂಬ ಹೆಸರಿಟ್ಟ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ವನ್ನೂ ಬಾಹ್ಯಾಕಾಶದಲ್ಲಿ ಬುಗುರಿಯಂತೆ ತಿರುಗಿಸಿಯೇ ದಿಕ್ಕು ತಪ್ಪದಂತೆ ಇರಿಸಲಾಗಿತ್ತು. 360 ಕಿಲೋಗ್ರಾಂ ತೂಕದ ಆ ಉಪಗ್ರಹವೂ ನಿಮ್ಮ ರಟ್ಟಿನ ಬಿಲ್ಲೆಯೂ ಪಾಲಿಸಿದ್ದು ಒಂದೇ ನಿಯಮವನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಲೇಬೇಕು. ಓಡುವ ಸೈಕಲ್ ಬೀಳದಿರುವುದಕ್ಕೆ ಚಕ್ರಗಳ ಈ ಗುಣವೊಂದೇ ಕಾರಣವೆಂದು ಅನೇಕ ಕಡೆ ಬರೆದಿರುತ್ತಾರೆ. ಅದು ನಿಜವಲ್ಲ. ಚಕ್ರಗಳ ಗೈರೋಸ್ಕೋಪಿಕ್ ಪರಿಣಾಮವನ್ನು ಪೂರ್ತಿ ರದ್ದುಪಡಿಸಿದ ಒಂದು ವಿಶೇಷ ಸೈಕಲ್ ಕೂಡ ಸವಾರನಿಲ್ಲದೆ ತಾನಾಗಿ ನೆಟ್ಟಗೆ ಓಡಬಲ್ಲದು ಎಂದು ವಿಜ್ಞಾನಿಗಳು 2011ರಲ್ಲಿ ಮಾಡಿ ತೋರಿಸಿದರು. ಸೈಕಲ್ ನಿಲ್ಲುವುದರಲ್ಲಿ ಮುಖ್ಯವಾದದ್ದು ಅದು ವಾಲಿದ ಕಡೆಗೇ ಹ್ಯಾಂಡಲ್ ತಿರುಗುವುದು. ಆಗ ಚಕ್ರಗಳು ಬೀಳುತ್ತಿರುವ ಮೈಯ ಕೆಳಗೆ ಬಂದು ಸೇರುತ್ತವೆ. ಚಕ್ರಗಳ ತಿರುಗುವಿಕೆ ಅದಕ್ಕೆ ಒಂದಿಷ್ಟು ನೆರವಾಗುತ್ತದೆ, ಅಷ್ಟೇ.

ಬೆಂದ ಮೊಟ್ಟೆ ಇನ್ನೂ ಉಳಿದಿದ್ದರೆ ತಿನ್ನುವ ಮೊದಲು ಅದನ್ನು ಮಲಗಿಸಿ ಎರಡೂ ಕೈಯಿಂದ ಬಹಳ ಜೋರಾಗಿ ತಿರುಗಿಸಿ ನೋಡಿ. ಅದು ತಿರುಗುತ್ತಲೇ ಎದ್ದು ತುದಿಯ ಮೇಲೆ ನಿಲ್ಲುತ್ತದೆ! ಇದಕ್ಕೆ ತಕ್ಕ ಗಣಿತದ ವಿವರಣೆ ಪ್ರಕಟವಾದದ್ದು 2002ರಲ್ಲಿ. ಮೇಜಿನೊಂದಿಗಿನ ಘರ್ಷಣೆಯೇ ಮೊಟ್ಟೆಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ತಿರುಗುತ್ತಾ ತಲೆಕೆಳಗಾಗಿ ತನ್ನ ಹಿಡಿಯ ಮೇಲೆ ನಿಲ್ಲುವ ಬುಗುರಿಯೂ ಇದೇ ಜಾತಿಯದು. ನೊಬೆಲ್ ಪಡೆದ ನೀಲ್ಸ್ ಬೋರ್ ಮತ್ತು ವೂಲ್ಫ್‌ಗ್ಯಾಂಗ್ ಪೌಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಸೂಟು ತೊಟ್ಟು ನೆಲಕ್ಕೆ ಬಗ್ಗಿ ಅಂತಹ ಬುಗುರಿಯನ್ನು ನೋಡುತ್ತಿರುವ ಛಾಯಾಚಿತ್ರವೊಂದಿದೆ. ತರಗತಿಯಲ್ಲಿ ಬುಗುರಿ ತಂದರೆ ಆಟವಾಗುತ್ತದೆ ಎಂದು ಹಿಂಜರಿಯುವ ಶಿಕ್ಷಕ ಮಿತ್ರರಿಗೆ ಆ ಚಿತ್ರವನ್ನು ತೋರಿಸುವುದು ನನ್ನ ರೂಢಿ.

ನಾವು ನಿಂತಿರುವ ಬುಗುರಿ

ಭೂಮಿಯೂ ತಿರುಗುತ್ತಿದೆ, ಅದರ ಅಕ್ಷ 23.4 ಡಿಗ್ರಿ ವಾಲಿದೆ. ತಿರುಗುವಿಕೆಯಿಂದ ಅದರ ನಡು ಉಬ್ಬಿದೆ. ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ಸಮಭಾಜಕದ ವ್ಯಾಸ ಸುಮಾರು 43 ಕಿಲೋಮೀಟರ್ ಹೆಚ್ಚು. ಆ ಉಬ್ಬನ್ನು ಸೂರ್ಯ ಚಂದ್ರರು ಸೆಳೆದು ವಾಲಿದ ಭೂಮಿಯನ್ನು ನೆಟ್ಟಗೆ ಮಾಡಲು ನೋಡುತ್ತಾರೆ. ಭೂಮಿ ಮಾಡುವುದು ಬುಗುರಿ ಮಾಡುವುದನ್ನೇ: ನೆಟ್ಟಗಾಗದೆ ಪಕ್ಕಕ್ಕೆ ಹೊರಳುತ್ತದೆ. ಬುಗುರಿಯನ್ನು ಗುರುತ್ವ ಕೆಡವಲು ನೋಡುತ್ತದೆ, ಭೂಮಿಯನ್ನು ಎತ್ತಲು ನೋಡುತ್ತದೆ. ಆದ್ದರಿಂದ ಭೂಮಿಯ ಹೊರಳಾಟ ಅದರ ತಿರುಗುವಿಕೆಗೆ ವಿರುದ್ಧ ದಿಕ್ಕಿನಲ್ಲಿದೆ. ಒಂದು ಸುತ್ತು ಮುಗಿಯಲು ಸುಮಾರು 26,000 ವರ್ಷ ಬೇಕು.

ಇದರ ಗುರುತು ನಮ್ಮ ಗೋಡೆಯ ಪಂಚಾಂಗದಲ್ಲಿದೆ. ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ನಾವು ಉತ್ತರಾಯಣದ ಪುಣ್ಯಕಾಲವೆಂದು ಎಳ್ಳು ಬೆಲ್ಲ ಹಂಚುವ ಮಕರ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನಿರುವ ಸ್ಥಾನದಿಂದ ಎಣಿಸುತ್ತಾರೆ, ಋತುಗಳಾದರೋ ಭೂಮಿಯ ಅಕ್ಷವನ್ನು ಹಿಂಬಾಲಿಸುತ್ತವೆ. ಅಕ್ಷ ಹೊರಳುತ್ತಿರುವುದರಿಂದ ಇವೆರಡರ ನಡುವೆ ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಈಗಿರುವ 24 ದಿನಗಳ ಅಂತರವನ್ನು 71ರಿಂದ ಗುಣಿಸಿದರೆ, ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು ಎಂದು ಮಕ್ಕಳೇ ಲೆಕ್ಕ ಹಾಕಬಲ್ಲರು.

ಧ್ರುವ ನಕ್ಷತ್ರವೂ ಹೀಗೆಯೇ. ಇಂದು ಭೂಮಿಯ ಅಕ್ಷ ಅದರತ್ತ ಒಂದು ಡಿಗ್ರಿಗಿಂತ ಕಡಿಮೆ ಅಂತರದಲ್ಲಿ ನೆಟ್ಟಿದೆ. ಸುಮಾರು 12,000 ವರ್ಷಗಳ ನಂತರ ಅಭಿಜಿತ್ ನಕ್ಷತ್ರದ ಸಮೀಪಕ್ಕೆ ಹೊರಳಿರುತ್ತದೆ. ಮೋಡವಿಲ್ಲದ ರಾತ್ರಿ, ಬೀದಿದೀಪಗಳಿಂದ ದೂರದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರದ ಎತ್ತರ ನಿಮ್ಮ ಊರಿನ ಅಕ್ಷಾಂಶದಷ್ಟೇ ಇರುವುದರಿಂದ, ಬೆಂಗಳೂರಿನವರು ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ, ಬೀದರಿನವರು ಹೆಚ್ಚುಕಡಿಮೆ ಎರಡು ಮುಷ್ಟಿ ಎತ್ತರದಲ್ಲಿ ಹುಡುಕಬೇಕು. ಅದು ಕಣ್ಣಿಗೆ ಬಿದ್ದ ಮೇಲೆ ಎರಡು ಗಂಟೆ ಬಿಟ್ಟು ಮತ್ತೆ ಬಂದು ನೋಡಿ. ಉಳಿದ ನಕ್ಷತ್ರಗಳೆಲ್ಲ ಜಾಗ ಬದಲಿಸಿರುತ್ತವೆ, ಅದೊಂದು ಮಾತ್ರ ನೀವು ಗುರುತು ಮಾಡಿಟ್ಟುಕೊಂಡ ತೆಂಗಿನ ಗರಿಯ ಪಕ್ಕದಲ್ಲೇ ಇರುತ್ತದೆ.